ಚೊಂಬಿನೊಳಗೆ ಒಂದೇ ಹುಣಸೆ ಬೀಜ

ನಾನು ಚಿಕ್ಕವಳಿದ್ದಾಗ, ಅಂದರೆ ಮಕ್ಕಳೇ, ನಿಮ್ಮಷ್ಟೇ ಮೊಂಡಿಯಾಗಿದ್ದಾಗ, ಯಲಹಂಕದ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಅಪ್ಪನ ಅಚ್ಚುಕೂಟವಿತ್ತು. ಅಪ್ಪ ವಕೀಲರು. ವಾರಕ್ಕೊಂದು ಪತ್ರಿಕೆಯನ್ನೂ ಹೊರತರುತ್ತಿದ್ದರು. ಮನೆಯೆಲ್ಲ ಮಸಿ ಮತ್ತು ಸೀಮೆಎಣ್ಣೆಯ ವಾಸನೆ. ಅಮ್ಮ ಮಾಡಿದ ಸಾರಿಗೂ ಅದೇ ಅಂಟಿಕೊಂಡಿರುತ್ತಿತ್ತು.

ಚುನಾವಣೆಗಳು ಹೊಸದಾಗಿ ಬಂದಿದ್ದ ಕಾಲ. ದೊಡ್ಡ ಮನೆಯವರು ತಮ್ಮ ಹೊಲದ ಆಳುಗಳನ್ನು ಮತಗಟ್ಟೆಯಿಂದ ಬೆದರಿಸಿ ಓಡಿಸಿದರೆ ಅಪ್ಪ ಅದನ್ನು ಹೆಸರು ಸಮೇತ ಅಚ್ಚು ಹಾಕುತ್ತಿದ್ದರು. ಆಳುಗಳ ಪರವಾಗಿ ಕೋರ್ಟಿನಲ್ಲೂ ನಿಲ್ಲುತ್ತಿದ್ದರು. ನಮ್ಮ ಕಿಟಕಿಗೆ ಕಲ್ಲು ಬಿದ್ದರೂ ಜಗ್ಗಲಿಲ್ಲ.

ಮನೆಯಲ್ಲೂ ಅವರದು ಪ್ರಜಾಪ್ರಭುತ್ವವೇ. ಹಬ್ಬಕ್ಕೆ ಒಬ್ಬಟ್ಟು ಮಾಡಬೇಕೇ ಎಂಬುದಕ್ಕೂ ಮತದಾನ. ಬೇಕು ಎನ್ನುವವರು ಅವರೆಕಾಳು, ಬೇಡ ಎನ್ನುವವರು ಹುಣಸೆ ಬೀಜ. ಮುಷ್ಟಿ ಮುಚ್ಚಿಕೊಂಡು ಚೊಂಬಿಗೆ ಹಾಕಬೇಕು, ಯಾರು ಏನು ಹಾಕಿದರೆಂದು ಯಾರೂ ಬಾಯಿ ಬಿಡಬಾರದು. ಅಪ್ಪ ಅಧ್ಯಕ್ಷರಾದ್ದರಿಂದ ಎರಡೂ ಕಡೆ ಸಮವಾದರೆ ಮಾತ್ರ ಅವರು ಹಾಕುತ್ತಿದ್ದರು. ಏಳು ವರ್ಷದ ನನಗೂ ಮತವಿತ್ತು. ನನ್ನ ಜಂಬ ಏನು ಕೇಳುತ್ತೀರಿ.

ಪತ್ರಿಕೆಗೆ ಅಚ್ಚುಮೊಳೆ ಜೋಡಿಸುತ್ತಿದ್ದವಳು ಅಕ್ಕ. ಸೀಸದ ಸಣ್ಣ ಸಣ್ಣ ಅಕ್ಷರಗಳನ್ನು ಮರದ ಗೂಡುಗಳಿಂದ ಆಯ್ದು, ತಿರುಗುಮುರುಗಾಗಿದ್ದರೂ ಸರಸರನೆ ಓದುತ್ತಿದ್ದಳು. ಪಟ್ಟಣದ ಕಾಲೇಜಿನಲ್ಲಿ ಓದಿ ಅಪ್ಪನ ಹಾಗೆ ಕರಿ ಕೋಟು ಹಾಕಬೇಕೆಂದು ಅವಳ ಆಸೆ. ಅಷ್ಟರಲ್ಲಿ ಅಜ್ಜಿ ದೊಡ್ಡಬಳ್ಳಾಪುರದ ಕಡೆಯಿಂದ ಒಂದು ಸಂಬಂಧ ತಂದಳು. ಹೆಂಡತಿ ಸತ್ತವನು, ಆಸ್ತಿವಂತ. ಅವರಿಗೆ ಓದುವ ಸೊಸೆ ಬೇಡ. ಅತ್ತ ತಾಯಿ, ಇತ್ತ ಮಗಳು, ಅಪ್ಪ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಾದರು. ಕೊನೆಗೆ, "ಮತಕ್ಕೆ ಹಾಕೋಣ" ಎಂದರು.

"ಹಾಗಾದ್ರೆ ನಂಗೂ ಒಂದು ಹುಣಸೆ ಬೀಜ ಕೊಡಿ" ಎಂದಳು ಅಕ್ಕ.

"ನಿಂಗಿಲ್ಲ ಕಣಮ್ಮ. ತನ್ನ ಕೇಸಿಗೆ ತಾನೇ ತೀರ್ಪು ಕೊಡೋ ಹಾಗಿಲ್ಲ. ಅದು ಕಾನೂನು" ಎಂದರು ಅಪ್ಪ.

ಉಳಿದವರು ಮೂವರು: ಅಜ್ಜಿ, ಅಮ್ಮ, ನಾನು. ಅವತ್ತು ಬೆಳಿಗ್ಗೆ ತಾನೇ ನಾನು ಗೂಡುಗಳ ಮೊಳೆಗಳನ್ನೆಲ್ಲ ಕಲಸಿಟ್ಟು ಅಕ್ಕನಿಂದ ಗುದ್ದು ತಿಂದಿದ್ದೆ. ಬೆನ್ನು ಇನ್ನೂ ಉರಿಯುತ್ತಿತ್ತು. ನೋಡ್ಕೋತೀನಿ ಇವಳನ್ನ ಅಂದುಕೊಂಡೆ. ನನ್ನ ಮುಷ್ಟಿಯಿಂದ ಚೊಂಬಿಗೆ ಬಿದ್ದದ್ದು ಅವರೆಕಾಳು.

ಅಪ್ಪ ಚೊಂಬನ್ನು ಹಳೇ ಪತ್ರಿಕೆಯ ಮೇಲೆ ಸುರಿದರು. ಎರಡು ಅವರೆಕಾಳು, ಒಂದು ಹುಣಸೆ ಬೀಜ. ಪಕ್ಕದ ಜಕ್ಕೂರಿನ ವಿಮಾನ ಮೈದಾನದಿಂದ ಹಾರಿದ ಪುಟ್ಟ ವಿಮಾನವೊಂದು ಮನೆಯ ಮೇಲೆ ಗುಂಯ್‌ಗುಡುತ್ತ ಹೋಯಿತು. ಯಾವತ್ತೂ ಅಂಗಳಕ್ಕೆ ಓಡುತ್ತಿದ್ದ ನಾನು ಅವತ್ತು ಓಡಲಿಲ್ಲ.

ಅಕ್ಕ ಬಂದು ನನ್ನನ್ನು ಅವುಚಿಕೊಂಡಳು. "ಅಜ್ಜಿ, ಅಮ್ಮ ಇಬ್ರೂ ಒಂದಾದ್ರು. ನೀನೊಬ್ಳಾದ್ರೂ ನನ್ ಕಡೆ ಇದ್ಯಲ್ಲೇ. ಬೆಳಿಗ್ಗೆ ಹೊಡ್ದಿದ್ದಕ್ಕೆ ಸಿಟ್ಟಿಲ್ಲ ತಾನೇ?"

ಇಲ್ಲವೆಂದು ತಲೆಯಾಡಿಸಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ನನ್ನನ್ನೇ ನೋಡುತ್ತಿದ್ದಳು. ಆ ಹುಣಸೆ ಬೀಜ ಹಾಕಿದವಳು ತಾನು ಎಂದು ಅವಳಿಗೆ ಗೊತ್ತಿತ್ತಲ್ಲ. ಆದರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಮಧ್ಯಾಹ್ನ ಅಕ್ಕ ಎಂದಿನಂತೆ ಮೊಳೆ ಜೋಡಿಸಲು ಕೂತಳು. ಅವತ್ತಿನ ಸಂಪಾದಕೀಯದಲ್ಲಿ ಅಪ್ಪ ಬರೆದಿದ್ದರು, ಯಾರ ಬದುಕಿನ ನಿರ್ಧಾರವಾಗುತ್ತದೆಯೋ ಅವರಿಗೆ ಮತವಿರಲೇಬೇಕು ಎಂದು. ಅಕ್ಕ ಅದನ್ನು ಅಕ್ಷರ ಅಕ್ಷರವಾಗಿ ಜೋಡಿಸಿದಳು. ಅಪ್ಪ ಕರಡು ಓದಿ ಒಂದು ಅಲ್ಪವಿರಾಮ ತಿದ್ದಿದರು, ಅಷ್ಟೇ. ಮನೆಗೆ ಮಾರಿ, ಊರಿಗೆ ಉಪಕಾರಿ ಅಂತಾರಲ್ಲ, ಅದು ನಮ್ಮಪ್ಪ. ಮುಂದಿನ ತಿಂಗಳೇ ಅಕ್ಕನ ಮದುವೆಯಾಯಿತು.

ಈಗ ಅದೇ ಜಕ್ಕೂರಿನಲ್ಲಿ ಒಂಬತ್ತನೇ ಮಹಡಿಯ ಮೇಲೆ ಕೂತು ನೀವು ಪಿಜ್ಜಾ ತರಿಸೋದಕ್ಕೂ ಫೋನಿನಲ್ಲಿ ಪೋಲ್ ಹಾಕುತ್ತೀರಿ. ಕಾಳೂ ಬೇಡ, ಚೊಂಬೂ ಬೇಡ, ಒಂದು ಬೆರಳು ಸಾಕು. ನಿನ್ನೆ, ನಿಮ್ಮೆಲ್ಲರಿಗಿಂತ ಚಿಕ್ಕವಳಾದ ಪುಟ್ಟಿಯನ್ನು ಆಟದಿಂದ ಹೊರಗಿಡೋಣವೇ ಎಂದು ಪೋಲ್ ಹಾಕಿದಿರಿ. ಪುಟ್ಟಿಯನ್ನು ಆ ಫೋನ್ ಗುಂಪಿಗೇ ಸೇರಿಸಿರಲಿಲ್ಲ. ನಾಲ್ಕಕ್ಕೆ ನಾಲ್ಕು ಎಂದು ನಕ್ಕಿರಿ. ಅದಕ್ಕೇ ಇದನ್ನು ಹೇಳಿದೆ.

ಅಕ್ಕ ಹೋದ ವರ್ಷ ತೀರಿಕೊಂಡಳು. ಕೊನೆಯವರೆಗೂ ಪ್ರತಿ ಯುಗಾದಿಗೆ ನನಗೊಂದು ಸೀರೆ ಕಳಿಸುತ್ತಿದ್ದಳು. ಅಮ್ಮ ಬದುಕಿರುವವರೆಗೂ ಅಮ್ಮನಿಗೆ ಒಂದನ್ನೂ ಕಳಿಸಲಿಲ್ಲ.