ಹೊಳೆಯ ಶೇಂಗಾ

ಶಾಂತಾ, ನಿನಗೆ ಆರು ವರ್ಷ, ನಿನ್ನ ತಮ್ಮ ಬಸುವಿಗೆ ನಾಲ್ಕು ವರ್ಷ ಇದ್ದಾಗ ನಾನು ನಿಮ್ಮಿಬ್ಬರಿಗೂ ಸೀಗಡಿ ತಿನ್ನಿಸಿದೆ. ಒಂದು ದಿನವಲ್ಲ, ಒಂದು ತುತ್ತಲ್ಲ — ಹತ್ತಿರ ಹತ್ತಿರ ಒಂದು ತಿಂಗಳು. ಅದೂ ಶ್ರಾವಣದಲ್ಲಿ. ಅದೂ ನಿಮ್ಮವ್ವನಿಗೆ ಮಾತು ಕೊಟ್ಟ ಮೇಲೆ.

ಹೋದ ವಾರ ನೀನು ಬೀದರದಿಂದ ಔರಾದಿಗೆ, ನನ್ನ ಮನೆಗೆ ಬಂದಿದ್ದೆ. ಜೊತೆಯಲ್ಲಿ ಮೂರು ವರ್ಷದ ನಿನ್ನ ಮೊಮ್ಮಗಳು. ಏನು ಕೊಟ್ಟರೂ ಥೂ ಎಂದು ಉಗುಳುತ್ತಿದ್ದಳು ಆ ಪುಟ್ಟಿ. ನೀನು ಸೋತು ನನ್ನ ಕಡೆ ತಿರುಗಿ ಕೇಳಿದೆ: "ಮೌಶಿ, ಸಣ್ಣಾಗಿದ್ದಾಗ ನಮಗ ಹೊಳಿ ಶೇಂಗಾ ಮಾಡಿ ಕೊಡ್ತಿದ್ದಿ ನೋಡು, ಅದು ಹ್ಯಾಂಗ ಮಾಡೂದು ಹೇಳು. ಇಕಿಗೂ ಮಾಡಿ ಹಾಕ್ತೇನಿ." ಬರೆದುಕೊಳ್ಳಲು ಚೀಲದಿಂದ ಪೆನ್ನನ್ನೂ ತೆಗೆದೆ. ಸಾಲಿ ಮಾಸ್ತರಿಣಿಯಲ್ಲವೇ ನೀನು!

"ಮರತೀನವ್ವಾ, ಮುದುಕಿ ಆದೆ" ಎಂದೆ ನಾನು. ಮರೆತಿರಲಿಲ್ಲ. ಐವತ್ತು ವರ್ಷದ ಹಳೆಯ ಸುಳ್ಳಿನ ಮೇಲೆ ಇನ್ನೊಂದನ್ನು ಇಟ್ಟೆ ಅಷ್ಟೆ. ನೀನು ಬಸ್ಸು ಹತ್ತಿದ ಮೇಲೆ ನನಗೆ ಊಟ ಸೇರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಮೊದಲಿನಿಂದ ಹೇಳುತ್ತೇನೆ — ನಿನಗೆ ನೆನಪಿರುವುದೂ ಇರಲಿ, ಇಲ್ಲದ್ದೂ ಇರಲಿ.

ನಾವು ಅಂಬಿಗರು. ಮಾಂಜ್ರಾ ಹೊಳೆಯ ದಂಡೆಯಲ್ಲಿ, ಊರಿನಿಂದ ದೂರ, ನಮ್ಮದೊಂದೇ ಗುಡಿಸಲು. ನನ್ನ ಗಂಡ ಮಾರುತಿ ದೋಣಿ ನಡೆಸುತ್ತಿದ್ದರು, ಮೀನು ಹಿಡಿಯುತ್ತಿದ್ದರು. ನಿಮ್ಮಪ್ಪ ಭಾಲ್ಕಿಯಿಂದ ಬಟ್ಟೆಯ ಗಂಟು ಹೊತ್ತು ಸಂತೆಗಳಿಗೆ ಹೋಗುವಾಗ ನಮ್ಮ ದೋಣಿಯಲ್ಲೇ ದಾಟುತ್ತಿದ್ದರು. ಒಮ್ಮೊಮ್ಮೆ ನಿಮ್ಮವ್ವ ನೀಲಮ್ಮನೂ ಬರುತ್ತಿದ್ದರು. ಹಾಗೆ ಗುರುತು.

ನಿಜಾಮನ ರಾಜ್ಯದ ಕೊನೆಯ ಮಳೆಗಾಲ ಅದು. ರಜಾಕಾರರ ಹೆಸರು ಹೇಳಿದರೆ ಊರುಗಳು ಬಾಗಿಲು ಹಾಕಿಕೊಳ್ಳುತ್ತಿದ್ದವು. ನಿಮ್ಮಪ್ಪ ಗಡಿಯಾಚೆ ಸೋಲಾಪುರದ ಕಡೆ ಹೋಗಿಬಿಟ್ಟಿದ್ದರು; ಅವರನ್ನು ಹುಡುಕಿಕೊಂಡು ರಜಾಕಾರರು ನಿಮ್ಮ ಮನೆಗೆ ಎರಡು ಸಲ ಬಂದಿದ್ದರು. ಹಾಸಿಗೆ ಹಿಡಿದ ಅಜ್ಜನನ್ನು ಬಿಟ್ಟು ನಿಮ್ಮವ್ವ ಭಾಲ್ಕಿಯಿಂದ ಕದಲುವಂತಿರಲಿಲ್ಲ. ಬಟ್ಟೆ ವ್ಯಾಪಾರಿಯ ಮಕ್ಕಳನ್ನು ಅಂಬಿಗರ ಗುಡಿಸಲಿನಲ್ಲಿ ಯಾರು ಹುಡುಕುತ್ತಾರೆ — ಅದು ಅವರ ಲೆಕ್ಕ. ಶ್ರಾವಣದ ಒಂದು ಮುಂಜಾನೆ ಬಂಡಿಯಲ್ಲಿ ಬಂದು ನಿಮ್ಮಿಬ್ಬರನ್ನೂ ಇಳಿಸಿದರು. ಜೊತೆಗೆ ಜೋಳದ ಹಿಟ್ಟು, ತೊಗರಿಬೇಳೆ, ಬೆಲ್ಲ, ಹೊಸ ಪಾತ್ರೆಗಳು, ಹೊಸದೊಂದು ಕಬ್ಬಿಣದ ಹಂಚು.

"ತುಳಜಾ" ಎಂದರು, ನನ್ನ ಎರಡೂ ಕೈ ಹಿಡಿದು, "ನನ್ನ ಮಕ್ಕಳು ಉಪಾಸ ಇದ್ರೂ ನಡೀತದ. ಮೀನಾ-ಖಂಡಾ ಮಾತ್ರ ಬಾಯಿಗಿ ಹಚ್ಚಬ್ಯಾಡ. ಈ ಹಂಚಿನ ಮ್ಯಾಲೇ ರೊಟ್ಟಿ ಮಾಡಿ ಹಾಕು."

"ಹೂಂ ರಿ ಅಕ್ಕಾರ" ಎಂದೆ. ಅವರ ಕೊರಳಲ್ಲಿದ್ದ ಲಿಂಗವನ್ನು ನೋಡುತ್ತಲೇ ಎಂದೆ.

ಮೊದಲ ನಾಲ್ಕು ದಿನ ಮಾತು ಉಳಿಸಿಕೊಂಡೆ. ಬೇಳೆ ಕುದಿಸಿದೆ, ರೊಟ್ಟಿ ಬಡಿದೆ. ನೀನು ಗಂಭೀರವಾಗಿ ಕೂತು ಅರ್ಧ ರೊಟ್ಟಿ ತಿನ್ನುತ್ತಿದ್ದೆ. ಬಸು ಬಾಯಿ ತೆರೆಯುತ್ತಿರಲಿಲ್ಲ. ಕಂಬ ತಬ್ಬಿಕೊಂಡು "ಅವ್ವ" ಎನ್ನುವುದು, ನನ್ನನ್ನು ಕಂಡರೆ ಮುಖ ತಿರುಗಿಸುವುದು. ನನಗೆ ಆಗ ಹದಿನೇಳು ವರ್ಷ. ಮದುವೆಯಾಗಿ ಮೂರು ವರ್ಷವಾದರೂ ಮಡಿಲು ತುಂಬಿರಲಿಲ್ಲ. ಆ ಕೂಸು ಒಮ್ಮೆ ನನ್ನ ಕಡೆ ನೋಡಿ ನಗಲಿ ಎಂದು ನಾನು ಏನೇನು ಮಾಡಲಿಲ್ಲ! ಕೋತಿಯ ಹಾಗೆ ಕುಣಿದೆ, ದೋಣಿಯಲ್ಲಿ ಕೂರಿಸಿ ಹಾಡಿದೆ. ಇಲ್ಲ.

ಐದನೆಯ ದಿನ ಹೊಸ ನೀರು ಬಂತು. ಹೊಸ ನೀರಿನಲ್ಲಿ ಸಣ್ಣ ಸೀಗಡಿ ರಾಶಿ ರಾಶಿ ಬರುತ್ತದೆ — ನಾವು ಝಿಂಗಾ ಎನ್ನುತ್ತೇವೆ. ಸೀರೆಯ ಸೆರಗು ಹಿಡಿದರೂ ಸಾಕು. ನಾನು ನನಗೂ ನನ್ನ ಗಂಡನಿಗೂ ಎಂದು ಒಲೆಯ ಮುಂದೆ ಕೂತು, ಸುಲಿದಿಟ್ಟಿದ್ದನ್ನು ಹುರಿಯುತ್ತಿದ್ದೆ. ಬೂದಿ ಬಣ್ಣದ್ದು, ಗಾಜಿನ ಹಾಗೆ ಇರುವುದು, ಬಿಸಿ ತಾಗಿದ ಕೂಡಲೇ ಕೆಂಪಾಗಿ ಉಂಗುರದಂತೆ ಸುತ್ತಿಕೊಳ್ಳುತ್ತದಲ್ಲ — ಬಸು ಅದನ್ನು ಕಂಡ. ಕಂಬ ಬಿಟ್ಟ. ಬಂದು ನನ್ನ ತೊಡೆಯ ಮೇಲೆ ಕೈ ಊರಿ ನಿಂತ.

"ಮೌಶಿ, ಅವು ಯಾಕ ಮುದುಡ್ತಾವ?"

ಮೌಶಿ. ಅಂದರೆ ಅವ್ವನ ತಂಗಿ. ಆ ಮಾತನ್ನು ಅವನ ಬಾಯಲ್ಲಿ ಅದೇ ಮೊದಲು ಕೇಳಿದ್ದು. "ನಾಚಿಕಿ ಆಗ್ಯಾದ ಅವಕ್ಕ" ಎಂದೆ. ಅವನು ನಕ್ಕ. ಹಾಲುಹಲ್ಲು ಕಾಣುವ ಹಾಗೆ ನಕ್ಕ. ನಕ್ಕು ಬಾಯಿ ತೆರೆದ.

ಹಾಕಿಬಿಟ್ಟೆ.

ನೀನು ಓಡಿ ಬಂದೆ. ನೀನು ಮೊದಲಿನಿಂದಲೂ ಜಾಣೆ. "ಇದು ಮೀನಾ?" ಎಂದು ಕಣ್ಣು ಕಿರಿದು ಮಾಡಿ ಕೇಳಿದೆ. ಅಲ್ಲಿಯಾದರೂ ನಿಲ್ಲಿಸಬಹುದಿತ್ತು. "ಅಲ್ಲ, ಹೊಳಿ ಶೇಂಗಾ" ಎಂದೆ. "ಹೊಲದಾಗ ಒಂದು ಶೇಂಗಾ ಇರ್ತದ, ಹೊಳಿಯಾಗ ಒಂದು ಇರ್ತದ." ದೊಡ್ಡವರು ಸುಳ್ಳು ಹೇಳುತ್ತಾರೆ ಎಂಬುದು ಆರು ವರ್ಷಕ್ಕೆ ಎಲ್ಲಿ ಗೊತ್ತಿರುತ್ತದೆ? ನೀನೂ ಕೈ ಚಾಚಿದೆ.

ಇಷ್ಟು ವರ್ಷ ನಾನು ನನಗೇ ಹೇಳಿಕೊಂಡು ಬಂದಿದ್ದೆ — ಬೇಳೆ ಮುಗಿದಿತ್ತು, ಕೂಸು ಸೊರಗಿತ್ತು, ಬೇರೆ ದಾರಿ ಇರಲಿಲ್ಲ ಎಂದು. ಬೇಳೆ ಮುಗಿದಿರಲಿಲ್ಲ, ಶಾಂತಾ. ನಿಮ್ಮವ್ವ ನಿಮ್ಮನ್ನು ಕರೆದೊಯ್ಯಲು ಬಂದ ದಿನವೂ ಗಡಿಗೆಯಲ್ಲಿ ಅರ್ಧ ಬೇಳೆ ಇತ್ತು. ಊರಲ್ಲಿ ಕೇಳಿದ್ದರೆ ಹಾಲೂ ಸಿಗುತ್ತಿತ್ತು. ನನಗೆ ನೀವು ನಗುವುದು ಬೇಕಾಗಿತ್ತು. ನನ್ನ ಕೈಯಡುಗೆಗೆ ಕಾಯುವುದು ಬೇಕಾಗಿತ್ತು. ಅಷ್ಟೇ.

ಮತ್ತೆ ಎಂಥ ದಿನಗಳು ಅವು! ಸುಳ್ಳಿನ ದಿನಗಳು ಇಷ್ಟು ಚೆಂದ ಇರಬಾರದಾಗಿತ್ತು. ಬೆಳಗಾದರೆ ನೀವಿಬ್ಬರೂ "ಶೇಂಗಾ ಹರಿಯೂಣು ನಡಿ" ಎಂದು ನನ್ನ ಸೆರಗು ಜಗ್ಗುತ್ತಿದ್ದಿರಿ. ಮೊಣಕಾಲ ನೀರಿನಲ್ಲಿ ನಿಂತು ನಾವು ಮೂವರೂ ಸೀರೆ ಹಿಡಿಯುತ್ತಿದ್ದೆವು; ಒಳಗಿನದು ನಿಮಗೆ ಕಾಣುವ ಮೊದಲೇ ನಾನು ಅದನ್ನು ಗಂಟು ಕಟ್ಟಿಬಿಡುತ್ತಿದ್ದೆ. ತಲೆ, ಸಿಪ್ಪೆ, ಬೆನ್ನಿನ ಕರಿ ದಾರ ನಾನು ಮರೆಯಲ್ಲಿ ತೆಗೆಯುತ್ತಿದ್ದೆ — ತಲೆ ಕಂಡರೆ ಶೇಂಗಾ ಕಥೆ ಮುಗಿಯಿತಲ್ಲ! ಉಪ್ಪು ಅರಿಸಿನ ಸವರಿ ತೊಳೆದರೆ ನಾತ ಹೋಗುತ್ತಿತ್ತು. ಒಂದು ದಿನ ಬರೀ ಉಪ್ಪು ಹಾಕಿ ಹಂಚಿನ ಮೇಲೆ ನಾಲ್ಕು ಹನಿ ಕುಸುಬಿ ಎಣ್ಣೆಯಲ್ಲಿ ಹುರಿಯುವುದು. ನೀರಾರಿ ಕೆಂಪಾದರೆ ಇಳಿಸಿಬಿಡಬೇಕು, ಹೆಚ್ಚು ಹುರಿದರೆ ಕೂಸಿನ ಹಲ್ಲಿಗೆ ಗಟ್ಟಿ. ಇನ್ನೊಂದು ದಿನ ಕಡಲೆಹಿಟ್ಟು ಮೆತ್ತಿ ಗರಿಗರಿ ಕರಿಯುವುದು. ಖಾರ ಒಂದಿಷ್ಟೂ ಇಲ್ಲ. ಬಸುವಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಬಿಸಿರೊಟ್ಟಿ ಮುಟಗಿ: ರೊಟ್ಟಿಯನ್ನು ಹುರಿದ ಸೀಗಡಿ, ಶೇಂಗಾ ಪುಡಿ, ಬೆಳ್ಳುಳ್ಳಿಯ ಒಂದೇ ಎಸಳಿನ ಜೊತೆ ಕುಟ್ಟಿ, ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡುತ್ತಿದ್ದೆ. ಒಂದೊಂದು ಕೈಗೆ ಒಂದೊಂದು ಉಂಡೆ ಹಿಡಿದು ದಂಡೆಯುದ್ದಕ್ಕೂ ಓಡುತ್ತಿದ್ದ. ಅವನ ಕೆನ್ನೆಗಳು ತುಂಬಿಕೊಂಡವು. ಹಸಿ ಮರಳಿನ ಮೇಲೆ ನೀನು ಬೆರಳಿನಿಂದ ಬರೆದು ನನಗೆ ಅ ಆ ಕಲಿಸಿದ್ದೂ ಆಗಲೇ. ಎಣ್ಣೆಗೈಯಲ್ಲೇ ನಾನು ತಿದ್ದುತ್ತಿದ್ದೆ.

ನನ್ನ ಗಂಡ ಮಾತ್ರ ನಗಲಿಲ್ಲ. "ಮಾತು ಕೊಟ್ಟೀದಿ ತುಳಜಾ. ಆ ತಾಯಿ ಬಂದ ದಿನ ಹೇಳಿಬಿಡು" ಎಂದರು. ಹೇಳುತ್ತೇನೆ ಎಂದೆ.

ಒಂದು ದಿನ ಹೊಳೆಯ ಮೇಲೆ ಬೀದರದ ಕಡೆಗೆ ವಿಮಾನ ಹಾರಿತು. ನೀವು ಕೈ ಬೀಸಿದಿರಿ. ಕೆಲವೇ ದಿನಗಳಲ್ಲಿ ಪೊಲೀಸ್ ಆಕ್ಷನ್ ಮುಗಿಯಿತು, ನಿಜಾಮ ಸೋತ ಎಂದರು. ಇತ್ತ ನಮ್ಮ ಭಯ ಇಳಿದರೆ, ಅತ್ತ ಊರಿನ ಮುಸಲ್ಮಾನರ ಓಣಿಯಲ್ಲಿ ಏನೂ ಮಾಡದವರೂ ಬಾಗಿಲು ಹಾಕಿಕೊಂಡರು. ನಮ್ಮ ದೋಣಿ ಆ ವಾರ ಅವರನ್ನೂ ದಾಟಿಸಿತು.

ಆಮೇಲೆ ನಿಮ್ಮವ್ವ ಬಂದರು. ಬಂಡಿಯಿಂದ ಇಳಿದವರೇ ಬಸುವನ್ನು ಎತ್ತಿಕೊಂಡು, "ಅಯ್ಯ, ಎಷ್ಟು ಭಾರ ಆಗ್ಯಾನ!" ಎಂದು ನಕ್ಕು ಅತ್ತರು.

"ಅವ್ವಾ, ನಾ ಹೊಳಿ ಶೇಂಗಾ ತಿಂದೆ! ದಿನಾ ತಿಂದೆ!" ಎಂದ ಬಸು.

"ಅದೇನು ತುಳಜಾ?"

ನನ್ನ ಗಂಡ ನನ್ನ ಮುಖ ನೋಡಿದರು. "ಶಿಂಗಾಡ ರಿ ಅಕ್ಕಾರ" ಎಂದೆ ನಾನು. "ಕೆರಿಯಾಗ ಬೆಳೀತದಲ್ಲ, ಆ ಕಾಯಿ." ಉಪವಾಸಕ್ಕೂ ನಡೆಯುವ ಶಿಂಗಾಡ! ಅಷ್ಟು ಒಳ್ಳೆಯ ಸುಳ್ಳು ಅಷ್ಟು ಬೇಗ ಹೇಗೆ ಹೊಳೆಯಿತೋ — ನನಗೇ ಅಚ್ಚರಿ.

ಅಲ್ಲಿಗೇ ನಿಂತಿದ್ದರೆ... ನಿಲ್ಲಲಿಲ್ಲ. ಭಾಲ್ಕಿಯಲ್ಲಿ ನಿಮ್ಮಪ್ಪನ ತಮ್ಮ, ಶಿವಲಿಂಗಪ್ಪ ಕಾಕಾ, ತಕರಾರು ತೆಗೆದರು. "ಅಂಬಿಗರ ಮನ್ಯಾಗ ತಿಂಗಳಾ ಇದ್ದ ಹುಡುಗ್ರು ಇವು. ಶೇಂಗಾನೂ ಅಲ್ಲ, ಶಿಂಗಾಡನೂ ಅಲ್ಲ, ಝಿಂಗಾ ತಿಂದಾವ" ಎಂದು ಎಲ್ಲರೆದುರು ಹೇಳಿದರಂತೆ. ನಿಮ್ಮವ್ವನಿಗೆ ತಡೆಯಲಾರದ ಸಿಟ್ಟು. ಕಾಕಾನನ್ನೂ ಇನ್ನೂ ನಾಲ್ಕು ಜನ ಹಿರಿಯರನ್ನೂ ಬಂಡಿ ಹತ್ತಿಸಿಕೊಂಡು ನಮ್ಮ ಗುಡಿಸಲಿಗೇ ಬಂದುಬಿಟ್ಟರು. ಅಂಗಳದಲ್ಲಿ ಕೂತು, "ತುಳಜಾ, ರೊಟ್ಟಿ ಮಾಡು, ಹಸಿವಿ ಆಗ್ಯಾದ" ಎಂದರು.

ಮಾಡಿದೆ. ಅವರು ಕೊಟ್ಟ ಹಂಚಿನ ಮೇಲೇ ಮಾಡಿದೆ — ಯಾವುದರ ಮೇಲೆ ತಿಂಗಳಿಡೀ ಸೀಗಡಿ ಹುರಿದಿದ್ದೆನೋ ಅದೇ. ಬೂದಿ, ಹುಣಸೆಹಣ್ಣು ಹಾಕಿ ಮೂರು ಸಲ ತಿಕ್ಕಿದ್ದೆ, ನಿಜ.

ನಿಮ್ಮವ್ವ ಮೊದಲ ತುತ್ತು ಎತ್ತಿ, ಇನ್ನೊಂದು ಕೈಯಿಂದ ಲಿಂಗ ಮುಟ್ಟಿಕೊಂಡರು. "ತುಳಜಾ ನನಗ ಮಾತು ಕೊಟ್ಟಾಳ. ಇಕಿ ಕೈಯಾಗಿಂದು ನಾ ಉಣ್ತೇನಿ. ಯಾರಿಗಿ ಸಂಶಯ ಅದ, ಈಗ ಇಕಿನ್ನೇ ಕೇಳ್ರಿ."

ಕಾಕಾ ನನ್ನನ್ನು ಕೇಳಿದರು. ನೇರ ಕೇಳಿದರು. ನಾನು ತಲೆ ಬಗ್ಗಿಸಿ, "ಶಿಂಗಾಡನೇ ರಿ" ಎಂದೆ. ಹಿರಿಯರು ಕಾಕಾನ ಕಡೆ ನೋಡಿ ನಕ್ಕರು. ಕಾಕಾ ತಲೆಗೆ ರುಮಾಲು ಸುತ್ತಿಕೊಂಡು ಎದ್ದು ಹೋಗಿ ಬಂಡಿಯಲ್ಲಿ ಕೂತರು. ಆಮೇಲೆ ವರ್ಷಗಟ್ಟಲೆ ಮನೆಯವರು ಅವರನ್ನು "ಶಿಂಗಾಡ ಕಾಕಾ" ಎಂದು ಕಾಡಿಸುತ್ತಿದ್ದುದು ನಿನಗೇ ಗೊತ್ತು. ನೀನೂ ಕಾಡಿಸಿದವಳೇ.

ನನಗೆ ಆ ಸುಳ್ಳಿನಿಂದ ಸಿಕ್ಕಿದ್ದು ಎಷ್ಟು! ಹಬ್ಬಹಬ್ಬಕ್ಕೆ ನಿಮ್ಮವ್ವನಿಂದ ಕುಪ್ಪಸದ ಬಟ್ಟೆ. ನನಗೂ ಎರಡು ಮಕ್ಕಳಾದಾಗ ತೊಟ್ಟಿಲಿಗೆ ಅವರೇ ಬಂದರು. ಬಸುವಿನ ಮದುವೆಯಲ್ಲಿ ನನ್ನನ್ನು ಅಕ್ಕತಂಗಿಯರ ಸಾಲಿನಲ್ಲಿ ಕೂರಿಸಿದರು. ಮತ್ತೆ ಆ ಬಸು — ಭಾಲ್ಕಿಯ ಗಂಜ್ ಪೇಟೆಯಲ್ಲಿ ವ್ಯಾಪಾರ ಮಾಡುತ್ತ ಎಲ್ಲೆಲ್ಲಿಂದಲೋ ಶಿಂಗಾಡ ತರಿಸಿ, ಹುರಿಸಿ, ಕರಿಸಿ, ಕುಟ್ಟಿಸಿ ತಿಂದು ನೋಡಿದ. "ಮೌಶಿ, ನಿನ್ನ ಹೊಳ್ಯಾಗಿನ ಶಿಂಗಾಡದ ರುಚಿ ಎಲ್ಲೂ ಇಲ್ಲ" ಎಂದ. ನಾನು ನಕ್ಕೆ. ನಗು ಬರುತ್ತಿತ್ತು, ಏನು ಮಾಡಲಿ? ಆದರೆ ಅವನು ಜಡ್ಡಾಗಿ ಬಿದ್ದಾಗ ಡಾಕ್ಟರು ಕೋಳಿ ತತ್ತಿ ತಿನ್ನು ಎಂದರೆ, "ಹುಟ್ಟಿದಾಗಿಂದ ಮುಟ್ಟಿಲ್ಲ ರಿ, ಈಗ್ಯಾಕ?" ಎಂದನಂತೆ. ಅದನ್ನು ಕೇಳಿ ನಗು ಬರಲಿಲ್ಲ.

ನಿಮ್ಮವ್ವನ ಕೊನೆಯ ದಿನಗಳಲ್ಲಿ ಹೇಳಬೇಕೆಂದೇ ಭಾಲ್ಕಿಗೆ ಹೋಗಿದ್ದೆ. "ಅಕ್ಕಾರ, ಒಂದು ಮಾತು ಹೇಳೂದದ" ಎಂದೆ. "ಮೊದಲು ಚಹಾ ಕುಡಿ" ಎಂದರು. ಚಹಾ ಕುಡಿದೆ. ಕುಡಿದು ಎದ್ದು ಬಂದೆ. ಅವರು ನನ್ನನ್ನು ನಂಬಿಕೊಂಡೇ ಹೋದರು.

ಶಾಂತಾ, ನೀನು ಕೇಳಿದ್ದನ್ನು ಮೇಲೆ ಬರೆದಿದ್ದೇನೆ. ಆ ಪುಟ್ಟಿಗೆ ಮಾಡಿ ಹಾಕುವುದು ಬಿಡುವುದು ಅವಳ ತಾಯಿಯ ಇಷ್ಟ, ನಿನ್ನ ಇಷ್ಟ. ಗೊತ್ತಿದ್ದು ಮಾಡಿದರೆ ಅದು ಬೇರೆ. ನಿಮಗೆ ನಾನು ಆ ಇಷ್ಟವನ್ನೇ ಕೊಡಲಿಲ್ಲ. ನಾನು ಯಾರ ಕ್ಷಮೆ ಕೇಳಬೇಕಿತ್ತೋ ಆ ನಿಮ್ಮವ್ವ ಈಗಿಲ್ಲ; ನಿನ್ನ ಹತ್ತಿರ ಅದನ್ನು ವಸೂಲಿ ಮಾಡುವುದಿಲ್ಲ.

ಬರುವ ಸೋಮವಾರ ಭಾಲ್ಕಿಗೆ ಹೋಗುತ್ತೇನೆ. ಬಸುವಿಗೆ ಈ ಕಾಗದ ತೋರಿಸಬೇಡ, ಅವನ ಮುಖ ನೋಡಿ ನಾನೇ ಹೇಳುತ್ತೇನೆ. ಸಿಟ್ಟು ಮಾಡಲಿ, ಮಾತು ಬಿಡಲಿ — ಅದು ಅವನ ಹಕ್ಕು. ಅಲ್ಲಿಂದ ಶಿವಲಿಂಗಪ್ಪ ಕಾಕಾನ ಹತ್ತಿರ. ಅವರಿಗೆ ಈಗ ಕಿವಿ ಪೂರ್ತಿ ಹೋಗಿದೆಯಂತೆ, ಪಕ್ಕದಲ್ಲಿ ಡೋಲು ಬಾರಿಸಿದರೂ ತಿಳಿಯುವುದಿಲ್ಲವಂತೆ. ಹಾಗಾದರೆ ಮೆಲ್ಲಗೆ ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಬಾಗಿಲು ತೆರೆದಿಟ್ಟು, ಅವರಿಗೆ ಕೇಳದಿದ್ದರೂ ಓಣಿಗೆಲ್ಲ ಕೇಳಿಸುವ ಹಾಗೆ, ನನ್ನ ಎದೆಯಲ್ಲಿ ಎಷ್ಟು ಉಸಿರಿದೆಯೋ ಅಷ್ಟನ್ನೂ ಹಾಕಿ ಕೂಗಿ ಹೇಳುತ್ತೇನೆ: "ಕಾಕಾ, ಅವತ್ತು ನೀವು ಹೇಳಿದ್ದೇ ಖರೆ ಇತ್ತು ರಿ!"