ಬಣ್ಣ ಮಾರದ ಪಾರ್ಲರ್ ಅಕ್ಕ

ಅವಳ ಬೆರಳುಗಳು ಸದಾ ತಣ್ಣಗಿರುತ್ತಿದ್ದವು. ಸಿಂಧನೂರಿನ ಸುಡು ಬೇಸಿಗೆಯಲ್ಲೂ ಆ ಬೆರಳು ಗಲ್ಲಕ್ಕೆ ತಾಗಿದರೆ ಮೈ ಜುಮ್ಮೆನ್ನುತ್ತಿತ್ತು. ದಿನವಿಡೀ ನೀರಲ್ಲಿದ್ದು ತುದಿಗಳು ಬಿಳಿಚಿಕೊಂಡು ನೆರಿಗೆಗಟ್ಟಿದ್ದವು. ಉಳಿದ ಮೈಯೆಲ್ಲ ಕಡುಗಪ್ಪು. ಊರಿನ ಹೆಂಗಸರು ಅವಳ ಕೈಯ ಬಗ್ಗೆ ಎಂದೂ ಮಾತಾಡಲಿಲ್ಲ. ಬಣ್ಣದ ಬಗ್ಗೆ ಮಾತ್ರ ಅವಳಿಗೆ ಕೇಳಿಸುವಂತೆಯೇ ಆಡಿಕೊಳ್ಳುತ್ತಿದ್ದರು. "ತಾನ ಹಂಗದಾಳ, ನಮ್ಮನ್ನೇನು ಬೆಳ್ಳಗ ಮಾಡ್ತಾಳ?"

ನಾವೆಲ್ಲ ಅವಳನ್ನು ಪಾರ್ಲರ್ ಅಕ್ಕ ಎನ್ನುತ್ತಿದ್ದೆವು. ಮಸ್ಕಿಯವಳು. ಸಿಂಧನೂರಿನ ಒಂದು ರೈಸ್ ಮಿಲ್ಲಿನ ಹಿಂದಿನ ಓಣಿಯಲ್ಲಿ ಒಂದೇ ಕೋಣೆಯ ಪಾರ್ಲರ್ ಇಟ್ಟಿದ್ದಳು. ಮಿಲ್ಲಿನ ತೌಡು ಒಳಗೆ ಬರಬಾರದೆಂದು ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿರುತ್ತಿದ್ದಳು. ಬಾಯಿ ಬಲು ಕೆಟ್ಟದ್ದು. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಲೈಟು ಹತ್ತಿರ ಎಳೆದು, ಮುಖದಲ್ಲಿ ಏನೇನು ಕೆಟ್ಟಿದೆಯೋ ಅದನ್ನೆಲ್ಲ ಹೊರಗೆ ಕೂತವರಿಗೂ ಕೇಳುವಂತೆ ಹೇಳುತ್ತಿದ್ದಳು. ಮದುಮಗಳೊಬ್ಬಳು ಅಳುತ್ತ ಎದ್ದು ಹೋದದ್ದನ್ನು ನಾನೇ ನೋಡಿದ್ದೇನೆ. ಅಕ್ಕ ಬಟ್ಟಲು ತೊಳೆದಿಟ್ಟು ಮುಂದಿನವಳನ್ನು ಕರೆದಳು.

ನಾನು ಅವಳ ಕೈಗೆ ಸಿಕ್ಕಿದ್ದು ಒಂದು ಟ್ಯೂಬಿನ ದೆಸೆಯಿಂದ. ನಮ್ಮ ಗೊರೇಬಾಳದಲ್ಲಿ ಭತ್ತದ ನಾಟಿ ಮಾಡುವ ಹೆಂಗಸರಿಗೆ ಗದ್ದೆಯ ನೀರಲ್ಲಿ ನಿಂತು ನಿಂತು ಕಾಲ್ಬೆರಳ ಸಂದಿ ಕೆರೆಯುತ್ತದೆ. ಅದಕ್ಕೆ ಮೆಡಿಕಲ್ ಅಂಗಡಿಯಿಂದ ಮುಲಾಮು ತಂದು ಹಚ್ಚುತ್ತಾರೆ. ಹಚ್ಚಿದ ಕಡೆ ಕಾಲು ಬೆಳ್ಳಗಾಗುವುದನ್ನು ಯಾರೋ ಗಮನಿಸಿದರು. ಅಷ್ಟು ಸಾಕಾಯಿತು, ಕಾಲಿನ ಮುಲಾಮು ಮದುವೆಯ ವಯಸ್ಸಿಗೆ ಬಂದ ಹುಡುಗಿಯರ ಮುಖಕ್ಕೆ ಏರಿತು. ಅವ್ವ ಹೋದ ಮೇಲೆ ನನ್ನನ್ನು ಸಾಕಿದ ಚಿಗವ್ವ ದಿನಾ ತನ್ನ ಕೈಯಾರೆ ನನಗೆ ಹಚ್ಚಿದಳು. ಮೊದಮೊದಲು ಬೆಳ್ಳಗಾದೆ, ಓಣಿಯೆಲ್ಲ ಹೊಗಳಿತು. ಆಮೇಲೆ ಚರ್ಮ ತೆಳ್ಳಗಾಗಿ ಕೆಂಪೇರಿತು. ಬಿಸಿಲಿಗೆ ಹೋದರೆ ಖಾರ ಹಚ್ಚಿದಂಥ ಉರಿ, ನಕ್ಕರೆ ಗಲ್ಲ ಸೀಳುತ್ತಿತ್ತು. ಅಷ್ಟರಲ್ಲಿ ಲಿಂಗಸೂಗೂರಿನಿಂದ ನನ್ನನ್ನು ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ಚಿಗವ್ವ ನನ್ನನ್ನು ಆಟೊದಲ್ಲಿ ಕೂರಿಸಿಕೊಂಡು ಪಾರ್ಲರಿಗೆ ತಂದಳು.

ಅಕ್ಕ ನನ್ನ ಗದ್ದ ಹಿಡಿದು ಆಚೀಚೆ ತಿರುಗಿಸಿದಳು. "ಕಾಲಿಗೆ ಹಚ್ಚೂದನ್ನ ಮಾರಿಗೆ ಹಚ್ಚ್ಯಾರ. ಯಾರು ಹಚ್ಚಿದ್ದು?"

"ಅದೆಲ್ಲ ಬಿಡ್ರಿ ಅಕ್ಕಾರ," ಎಂದಳು ಚಿಗವ್ವ. "ಬ್ಲೀಚ್ ಮಾಡಿ ಕಳಸ್ರಿ. ಐತವಾರ ಕನ್ಯಾ ನೋಡಾಕ ಬರಾಕತ್ತಾರ."

"ಇದರ ಮ್ಯಾಲೆ ಬ್ಲೀಚ್ ಹಾಕಿದ್ರ ತೊಗಲ ಕಿತ್ತು ಬರ್ತೈತಿ. ಬಂದವರಿಗೆ ಅದನ್ನ ತಾಟಿನ್ಯಾಗ ಇಟ್ಟು ಕೊಡ್ತೀರೇನು?"

ಊರಲ್ಲಿ ಬೇರೆ ಪಾರ್ಲರೂ ಇವೆ ಎಂದು ಚಿಗವ್ವ ಮುಖ ಗಂಟಿಕ್ಕಿದಳು. ಅಕ್ಕ ಬಾಗಿಲು ತೋರಿಸಿದಳು. "ನೀವು ಹೋಗ್ರಿ. ಹುಡುಗಿ ಇಲ್ಲೇ ಇರ್ಲಿ." ನಾನು ಕುರ್ಚಿ ಬಿಟ್ಟು ಏಳಲಿಲ್ಲ.

ಆ ದಿನ ಅವಳು ನನ್ನ ಮುಖಕ್ಕೆ ಏನೂ ಹಚ್ಚಲಿಲ್ಲ. ಅಂಗಡಿ ಮುಚ್ಚಿ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಟ್ಯೂಬು ಬಿಡಿಸಿ ಔಷಧ ಕೊಟ್ಟರು. ಬಿಟ್ಟ ಮೇಲೆ ಕೆಲವು ದಿನ ಇನ್ನೂ ಕೆಡುತ್ತದೆ ಎಂದರು. ಹಾಗೇ ಕೆಟ್ಟಿತು. ಆ ಮುಖ ಹೊತ್ತೇ ಲಿಂಗಸೂಗೂರಿನವರ ಮುಂದೆ ಕೂತೆ. ಹುಡುಗನ ಅಕ್ಕ ತಾಟಿನಲ್ಲಿದ್ದ ಉಪ್ಪಿಟ್ಟನ್ನೆಲ್ಲ ತಿಂದು ಮುಗಿಸಿ, ಕೈ ಒರೆಸಿಕೊಂಡು, "ಇದು ಅಂಟು ಜಡ್ಡೇನ್ರಿ?" ಎಂದು ಕೇಳಿದಳು. ಅವರು ಹೋದ ಮೇಲೆ ಚಿಗವ್ವ ನಾನು ಕುಡಿದ ಲೋಟವನ್ನು ಬೇರೆ ತೆಗೆದಿಟ್ಟಳು.

ಇದನ್ನು ಪಾರ್ಲರಿನಲ್ಲಿ ಹೇಳಿಕೊಂಡು ಅತ್ತೆ. ಅಕ್ಕನಿಂದ ಸಮಾಧಾನದ ಒಂದು ಮಾತು ಬರಲಿಲ್ಲ. "ಅಳಬ್ಯಾಡ ಬೇ. ಕಣ್ಣೀರು ಉಪ್ಪು, ಇನ್ನೂ ಉರೀತೈತಿ," ಎಂದು ಹತ್ತಿ ಕೊಟ್ಟಳು.

ಮುಖ ಆರಿ, ಡಾಕ್ಟರು ಒಪ್ಪಿದ ಮೇಲೆ ಫೇಶಿಯಲ್ ಶುರುವಾಯಿತು. ಹಬೆಯಿಲ್ಲ, ತಿಕ್ಕುವುದಿಲ್ಲ, ಘಮಘಮಿಸುವ ಕ್ರೀಮ್ ಇಲ್ಲ. ಮೆತ್ತಗೆ ತೊಳೆದು, ಒದ್ದೆ ಇರುವಾಗಲೇ ನೀರನ್ನು ಹಿಡಿದಿಡುವ ಸೀರಮ್ ತಟ್ಟಿ, ಮೇಲೆ ತಣ್ಣನೆಯ ಜೆಲ್ ಮಾಸ್ಕ್ ಹಾಸುತ್ತಿದ್ದಳು. ಕೊನೆಗೆ ಆ ನೀರು ಆರಿಹೋಗದಂತೆ ಕ್ರೀಮಿನ ಒಂದು ಪದರ. "ಬೆಳ್ಳಗ ಆಗಂಗಿಲ್ಲ, ಮೊದಲ ಹೇಳಾಕತ್ತೀನಿ," ಎಂದಳು. "ಒಣಗಿ ಬಿಗಿಯೂದು ನಿಲ್ತೈತಿ, ಉರಿ ಇಳೀತೈತಿ. ನಕ್ಕರ ನೋವಾಗಂಗಿಲ್ಲ. ಮನ್ಯಾಗ ಕ್ರೀಮ್ ಬಿಟ್ಟೀ ಅಂದ್ರ ಮತ್ತ ಒಣಗ್ತೈತಿ. ಆಮ್ಯಾಲೆ ನನ್ನ ಮುಂದ ಬಂದು ಕುಂದರಬ್ಯಾಡ."

ಅವಳು ಹೇಳಿದಂತೆಯೇ ಆಯಿತು. ಹೊಟ್ಟು ಏಳುವುದು ನಿಂತಿತು, ಗಾಳಿ ಸೋಕಿದರೆ ಬೆಂಕಿ ಅನ್ನಿಸುವುದು ಹೋಯಿತು. ಒಂದು ಮಧ್ಯಾಹ್ನ ಮಾಸ್ಕ್ ತೆಗೆದು ಕೈಗೆ ಕನ್ನಡಿ ಕೊಟ್ಟಳು. ಅಲ್ಲಿದ್ದದ್ದು ನನ್ನ ಮೊದಲಿನ ಕಪ್ಪು ಮುಖ, ನೀರುಂಡು ತುಂಬಿಕೊಂಡಿತ್ತು. ಅದನ್ನು ನೋಡಿ ನನಗೆ ಎಷ್ಟು ಖುಷಿಯಾಯಿತೆಂದರೆ ನಾಚಿಕೆಯೇ ಬಂತು. "ಸಾಕು, ಕನ್ನಡಿ ಇಡು. ಹೊರಗ ಮಂದಿ ಕುಂತಾರ," ಎಂದಳು. ಹೊರಗೆ ಯಾರೂ ಇರಲಿಲ್ಲ.

ಯಾಕೆಂದರೆ ಬಸ್ ಸ್ಟ್ಯಾಂಡಿನ ಹತ್ತಿರ ಬೆಳ್ಳಗೆ ಮಾಡಿಕೊಡುವ ಹೊಸ ಪಾರ್ಲರ್ ತೆರೆದಿತ್ತು. ಊರೆಲ್ಲ ಅಲ್ಲಿಗೆ ನುಗ್ಗಿತು. ಅಲ್ಲಿ ಸುಟ್ಟುಕೊಂಡವರು ಸೆರಗು ಮುಚ್ಚಿಕೊಂಡು ಅಕ್ಕನ ಓಣಿಗೆ ಬರುತ್ತಿದ್ದರು. ವಾಸಿಯಾದ ಮೇಲೆ ಬಜಾರಿನಲ್ಲಿ ಎದುರಾದರೂ ಗುರುತು ಹಿಡಿಯುತ್ತಿರಲಿಲ್ಲ. "ಮಾರಿ ನೆಟ್ಟಗಾಗೈತಿ, ಕಣ್ಣು ಹೋಗ್ಯಾವ," ಎನ್ನುತ್ತಿದ್ದಳು ಅಕ್ಕ. ನಾನು ವಳಕಮದಿನ್ನಿಯಲ್ಲಿ ಟೀಚರಾದ ಮೇಲೂ ಹೋಗುತ್ತಲೇ ಇದ್ದೆ. ಬೈಸಿಕೊಳ್ಳಲು ಅಷ್ಟು ದೂರ ಹೋಗುವುದು ನನಗೆ ಹಿತವಾಗಿತ್ತು.

ಕಳೆದ ಬೇಸಿಗೆಯಲ್ಲಿ ಎದೆನೋವು ಬಂದು ಅಕ್ಕ ಒಂದೇ ದಿನದಲ್ಲಿ ಹೋಗಿಬಿಟ್ಟಳು. ಮಸ್ಕಿಯ ಅವಳ ಅಣ್ಣನ ಮನೆಗೆ ಹೋದೆ. ಹೊಸ ಸೀರೆ ಉಡಿಸಿ, ವಿಭೂತಿ ಹಚ್ಚಿ, ಹಾರ ಹಾಕಿ ಗೋಡೆಗೆ ಆನಿಸಿ ಕೂರಿಸಿದ್ದರು. ಫೋಟೊ ತೆಗೆಸಬೇಕೆಂದು ಮುಖಕ್ಕೆ ಪೌಡರ್ ಮೆತ್ತಿದ್ದರು. ಕತ್ತಿನವರೆಗೆ ಬಿಳಿ ಸುಣ್ಣ, ಅದರ ಕೆಳಗೆ ಅಕ್ಕ.

"ಇದೇನ್ರಿ ಇದು?" ಎಂದೆ.

"ಇದ್ದಾಗಂತೂ ಛಲೋ ಕಾಣಲಿಲ್ಲ," ಎಂದಳು ಅವಳ ಅತ್ತಿಗೆ. "ಈಗರ ಕಾಣ್ಲಿ ಬಿಡ್ರಿ."

ನನಗೆ ತಡೆಯಲಾಗದ ಸಿಟ್ಟು ಬಂತು. ಬಾಗಿಲಲ್ಲಿದ್ದ ಚೊಂಬು ತಂದು, ಸೆರಗು ಅದ್ದಿ, ವಿಭೂತಿ ಅಳಿಸದಂತೆ ಪೌಡರನ್ನೆಲ್ಲ ಒರೆಸಿದೆ. ಸುತ್ತ ಕೂತವರು ಗೊಣಗಿದರು, ಯಾರೋ ಹುಚ್ಚಿ ಎಂದರು. ಅಕ್ಕನ ಮುಖ ಹೊರಗೆ ಬಂತು, ತುಸು ಹುಬ್ಬು ಗಂಟಿಕ್ಕಿದ ಅದೇ ಮುಖ. ಸೆರಗು ಹಿಂಡಿಕೊಂಡು ಬರಲು ಹಿತ್ತಲಿಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಮತ್ತೆ ಮೊದಲಿಗಿಂತ ದಪ್ಪ ಬಳಿದಿದ್ದರು, ಫೋಟೊದವನು ತೆಗೆದು ಮುಗಿಸಿದ್ದ.

ಆ ಫೋಟೊ ಈಗ ಅವರ ಪಡಸಾಲೆಯ ಗೋಡೆಯಲ್ಲಿದೆ. ಅದರಲ್ಲಿರುವ ಬಿಳಿ ಹೆಂಗಸು ಯಾರೋ ನನಗೆ ಗೊತ್ತಿಲ್ಲ. ನನ್ನ ಮುಖವನ್ನು ನನಗೆ ಉಳಿಸಿಕೊಟ್ಟವಳ ಮುಖವನ್ನು ಒಂದು ಫೋಟೊ ತೆಗೆಯುವಷ್ಟು ಹೊತ್ತು ಕೂಡ ನನ್ನಿಂದ ಉಳಿಸಲಾಗಲಿಲ್ಲ.