ನನ್ನ ಹನ್ನೊಂದು ದಿನದ ವೈದ್ಯ

ಮಾದಕ ಚಟ ಬಿಡಿಸಲು ಮಾತ್ರೆ ಕೊಡುವ ಕೇಂದ್ರ ನಮ್ಮ ಬೀದಿಗೆ ಬೇಡವೆಂಬ ಅರ್ಜಿಯಲ್ಲಿ ಮೊದಲ ಸಹಿ ನನ್ನದು. ಬರೆದವನೂ ನಾನೇ. ಕ್ಷೌರದಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾಗಿತ್ತು. ನಾನು ಮಾತಾಡುವಾಗ ಕುರ್ಚಿಯಲ್ಲಿ ಕೂತವರು ಅಲ್ಲಗಳೆದು ತಲೆಯಾಡಿಸುವುದಿಲ್ಲ. ಆಡಿಸಿದರೆ ಕಿವಿ ಹೋಗುತ್ತದೆ. ಅದನ್ನೇ ಒಪ್ಪಿಗೆ ಎಂದುಕೊಂಡು ನಾನು ಮಹಾ ಜ್ಞಾನಿಯಾಗಿಬಿಟ್ಟಿದ್ದೆ.

“ಒಂದು ಅಮಲು ಬಿಡಿಸೋಕೆ ಇನ್ನೊಂದು ಅಮಲು ಕೊಡ್ತಾರಂತೆ. ಬೆಂಕಿ ಆರಿಸೋಕೆ ಸೀಮೆಎಣ್ಣೆ ತಂದ ಹಾಗೆ!” ಎಂದು ದಿನಕ್ಕೆ ಹತ್ತು ತಲೆಗಾದರೂ ಹೇಳುತ್ತಿದ್ದೆ.

ಒಂದು ವಿಷಯ ಮಾತ್ರ ಹೇಳುತ್ತಿರಲಿಲ್ಲ. ನನ್ನ ಹೆಂಡತಿಯ ತಮ್ಮನೇ ಆ ಚಟಕ್ಕೆ ಬಿದ್ದಿದ್ದ. ಒಳ್ಳೆಯ ವೆಲ್ಡರ್. ಬೆನ್ನುನೋವಿಗೆಂದು ಶುರುವಾದ ಇಂಜೆಕ್ಷನ್ ಅವನನ್ನು ಬಿಡಲಿಲ್ಲ. ಅವನಿಗೆ ನನ್ನ ಸ್ವಂತ ವೈದ್ಯ ಆಗಲೇ ಮುಗಿದಿತ್ತು: ಹಿಂದಿನ ಕೋಣೆಯಲ್ಲಿ ಹನ್ನೊಂದು ದಿನ ಕೂಡಿಹಾಕಿ, ಹೊರಗೆ ಸ್ಟೂಲಿನ ಮೇಲೆ ಕೂತು, ಬಾಗಿಲ ಸಂದಿಯಿಂದ ಮನೋಬಲದ ಉಪದೇಶ ಮಾಡಿದ್ದೆ. ಒಳಗೆ ಅವನು ವಾಂತಿ ಮಾಡುತ್ತಿದ್ದ. ಚಟ ಬಿಟ್ಟದ್ದಕ್ಕೋ ನನ್ನ ಉಪದೇಶಕ್ಕೋ ಗೊತ್ತಿಲ್ಲ. ಹನ್ನೆರಡನೆಯ ದಿನ ಬಾಗಿಲು ತೆಗೆದಾಗ, ಇನ್ನು ಮುಟ್ಟುವುದಿಲ್ಲವೆಂದು ನನ್ನ ಕಾಲಿಗೆ ಬಿದ್ದ. ಹದಿನಾಲ್ಕನೆಯ ದಿನ ಮತ್ತೆ ಸೂಜಿ ಹಿಡಿದ.

ನನ್ನ ಅರ್ಜಿಗೆ ಯಾರೂ ಸೊಪ್ಪು ಹಾಕಲಿಲ್ಲ, ಕೇಂದ್ರ ತೆರೆಯಿತು. ಹೆಂಡತಿ ನನ್ನನ್ನು ಒಂದು ಮಾತೂ ಕೇಳದೆ, ನನ್ನ ಅಂಗಡಿಯ ಮುಂದಿನಿಂದಲೇ ತಮ್ಮನ ಕೈಹಿಡಿದು ಅಲ್ಲಿಗೆ ನಡೆದಳು. ಅವರನ್ನೇ ನೋಡುತ್ತಿದ್ದ ನಾನು ಗಿರಾಕಿಯ ಗಲ್ಲದ ನೊರೆಯನ್ನು ಅವನ ಕಣ್ಣಿಗೂ ಬಳಿದೆ.

ಎಂಟು ತಿಂಗಳಲ್ಲಿ ಅವನು ಮೈಕೈ ತುಂಬಿಕೊಂಡ, ಕೆಲಸಕ್ಕೆ ಮರಳಿದ, ನಮ್ಮ ಮನೆಯ ಕಿಟಕಿಗೆ ಸರಳು ಕೂರಿಸಿಕೊಟ್ಟ. ನಾನು ಸುಮ್ಮನಿರಬಹುದಿತ್ತು. ಸುಮ್ಮನಿರುವುದು ನನ್ನ ಜಾತಕದಲ್ಲೇ ಇಲ್ಲ.

“ಇನ್ನೂ ಎಷ್ಟು ದಿನ ಆ ಮಾತ್ರೆ? ಅದೂ ಚಟಾನೇ ಅಲ್ವಾ? ಗಂಡಸಾಗಿ ಬಿಟ್ಟು ತೋರಿಸು.”

“ಈಗಲೇ ಬೇಡ ಅಂದಿದಾರೆ ಡಾಕ್ಟ್ರು, ಭಾವ.”

“ಅವರಿಗೇನು, ನೀನು ಬಿಟ್ರೆ ಒಬ್ಬ ಗಿರಾಕಿ ಕಮ್ಮಿ ಆಗ್ತಾನೆ.”

ಅವನು ನನ್ನ ಮಾತಿಗೆ ಬೆಲೆ ಕೊಟ್ಟ. ಅವನ ತಪ್ಪು ಅದೊಂದೇ. ಅಕ್ಕನಿಗೂ ಹೇಳದೆ ಮಾತ್ರೆ ನಿಲ್ಲಿಸಿದ. ಮೂರನೆಯ ವಾರ ಮತ್ತೆ ಸೂಜಿ ಚುಚ್ಚಿಕೊಂಡು, ವೆಲ್ಡಿಂಗ್ ಶೆಡ್ಡಿನ ಹಿಂದೆ ತುಟಿ ನೀಲಿಗಟ್ಟಿ ಬಿದ್ದಿದ್ದವನನ್ನು ಜೊತೆಗಾರರು ಆಸ್ಪತ್ರೆಗೆ ಹೊತ್ತು ಓಡಿದರು.

ಪುಣ್ಯಕ್ಕೆ ಉಳಿದ.

“ಮಾತ್ರೆ ಬಿಟ್ಮೇಲೆ ಮೈಗೆ ಹಳೇ ಡೋಸ್ ತಡ್ಕೊಳ್ಳೋ ಶಕ್ತಿ ಇರಲ್ಲ,” ಎಂದರು ಡಾಕ್ಟರು. “ನಿಲ್ಸು ಅಂತ ಯಾರು ಹೇಳಿದ್ದು?”

“ಯಾರೂ ಇಲ್ಲ, ನಾನೇ ನಿಲ್ಸಿದೆ,” ಎಂದ ಹಾಸಿಗೆಯಿಂದ.

ಹೆಂಡತಿ ನನ್ನನ್ನು ನೋಡಿದಳು. ಎಂದೂ ಮಾತಿಗೆ ಬರವಿಲ್ಲದ ನನಗೆ ಅಂದು ಸಿಕ್ಕಿದ್ದು ಎರಡೇ ಪದ. “ಹೇಳಿದ್ದು ನಾನು.”

ಮನೆಗೆ ಬಂದವಳು ನನ್ನ ಮಾತ್ರೆಯ ಡಬ್ಬಿ ತಂದು ಮುಂದಿಟ್ಟಳು. “ಒಂಬತ್ತು ವರ್ಷದಿಂದ ಬಿಪಿ ಮಾತ್ರೆ ನುಂಗ್ತಿದೀರಲ್ರೀ, ಗಂಡಸಾಗಿ ಬಿಡ್ತೀರಾ?”

ಬಿಡಲಿಲ್ಲ. ನೀರು ಕೇಳಿ ನುಂಗಿದೆ.

ಇದಾಗಿ ಎರಡು ವರ್ಷ. ಅವನು ಮತ್ತೆ ಕೇಂದ್ರಕ್ಕೆ ಹೋಗುತ್ತಿದ್ದಾನೆ, ಕೆಲಸವನ್ನೂ ಮಾಡುತ್ತಿದ್ದಾನೆ. ಅಂಗಡಿಯಲ್ಲಿ ಈಗಲೂ ಯಾರಾದರೂ “ಅದೂ ಅಮಲೇ” ಎಂದು ಶುರು ಮಾಡುತ್ತಾರೆ. ನಾನೇ ಹಂಚಿದ ಸರಕು, ಯಾರನ್ನು ದೂರಲಿ? “ನನ್ನ ಬಾಮೈದ ಅದರಿಂದಲೇ ಬದುಕಿದಾನೆ,” ಎಂದು ಮೊದಲ ಸಲ ಹೇಳಿದಾಗ ನನ್ನ ದನಿ ಎಷ್ಟು ಸಣ್ಣಗಿತ್ತೆಂದರೆ, ಗಿರಾಕಿ “ಹ್ಞೂಂ, ಹಿಂದೆ ಇನ್ನೂ ಸ್ವಲ್ಪ ತೆಗೀರಿ,” ಎಂದ. ಈಗ ಕೇಳಿಸುವ ಹಾಗೆ ಹೇಳುತ್ತೇನೆ. ಇಬ್ಬರು ಗಿರಾಕಿಗಳು ಬೇರೆ ಅಂಗಡಿ ಹಿಡಿದರು.

ರಜೆಯ ದಿನ ನಾನೂ ಅವನ ಜೊತೆ ಕೇಂದ್ರಕ್ಕೆ ಹೋಗುತ್ತೇನೆ. ಮಾತ್ರೆಯನ್ನು ನಾಲಿಗೆಯಡಿ ಇಟ್ಟು, ಅದು ಕರಗುವವರೆಗೆ ಅವನು ಬೆಂಚಿನ ಮೇಲೆ ಬಾಯಿಮುಚ್ಚಿ ಕೂರಬೇಕು. ಮೊದಲ ದಿನ ಪಕ್ಕದಲ್ಲಿ ಕೂತು ನಾನು ಏನೋ ಹೇಳಲು ಹೊರಟೆ. ನರ್ಸಮ್ಮ ತಲೆ ಎತ್ತಿದರು.

“ನೀವು ದಯವಿಟ್ಟು ಮಾತಾಡ್ಬೇಡಿ. ಅವರಿಗೆ ನಗು ಬಂದ್ರೆ ಮಾತ್ರೆ ನುಂಗ್ಬಿಡ್ತಾರೆ.”

ಬಾಮೈದ ತುಟಿ ಬಿಗಿಹಿಡಿದು ಗೋಡೆಯ ಕಡೆ ತಿರುಗಿದ. ಅವನ ಭುಜ ಕುಣಿಯುತ್ತಿತ್ತು.